ಕಣ್ಣಾಳಿನ ದುರ್ಬೀನು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಮಠದಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಗುರುಬಸಮ್ಮನವರು. ಬತ್ತಿ ಹೊಸೆಯುತ್ತ ಹೇಳುತ್ತಿದ್ದರು. ಬತ್ತಿ ಮುಗಿದರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಉಳಿದದ್ದಕ್ಕೆ ಮರುದಿನ ಹೋಗಿ ಕೂರಬೇಕಾಗುತ್ತಿತ್ತು. ಅವರು ಹೇಳಿದ ಹಾಗೆಯೇ ಹೇಳಲು ನೋಡುತ್ತೇನೆ. ಗುರುವಿನ ಪಾದಕ್ಕೆ ಶರಣು.

ಬೇಟೆಗೆ ಇನ್ನೂ ಸರ್ಕಾರದ ತಡೆ ಬಂದಿರದ ಕಾಲ. ಬಂಡೆಗುಡ್ಡದ ಬುಡದಲ್ಲಿ ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಗುಡಿಸಲು. ಅಲ್ಲಿ ಕಾಟಯ್ಯ ಎಂಬ ಹಿರಿಯರಿದ್ದರು. ಊರವರು ಅದನ್ನು ಆಶ್ರಮ ಅನ್ನುತ್ತಿದ್ದರು. ಕಾಟಯ್ಯನವರು ಗುಡಿಸಲು ಅನ್ನುತ್ತಿದ್ದರು.

ಅವರು ಕಲಿಸುತ್ತಿದ್ದದ್ದು ಮಂತ್ರವಲ್ಲ. ನೋಡುವುದನ್ನು ಕಲಿಸುತ್ತಿದ್ದರು.

ಆ ಸೀಮೆಯ ಬೇಟೆಯಲ್ಲಿ ಕಣ್ಣಾಳು ಅಂತ ಒಬ್ಬನಿರುತ್ತಿದ್ದ. ಬಂದೂಕಿನವರು ಕೆಳಗೆ ಪೊದೆಯಲ್ಲಿ ಮಲಗಿ, ಪ್ರಾಣಿ ದಾಟುವ ಕಂಡಿಗೆ ಗುರಿ ಹಿಡಿದಿರುವರು. ಅವರಿಗೆ ಮುಂದಿನ ಕಂಡಿ, ಮೇಲಿನ ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಣ್ಣಾಳು ಮೇಲಿನ ಬಂಡೆಯಲ್ಲಿ ಕೂತು ಎಲ್ಲವನ್ನೂ ನೋಡುವನು. ಅವನ ಕೈಯಲ್ಲಿ ಕೋಲು, ಕೋಲಿನ ತುದಿಗೆ ಬಿಳಿ ಬಟ್ಟೆ. ಬಟ್ಟೆ ಏಳುವವರೆಗೆ ಬಂದೂಕಿನವರ ಕಣ್ಣು ಬಂಡೆಯ ಮೇಲೆಯೇ. ಎದ್ದರೆ ಕಂಡಿಗೆ ಗುರಿ, ಇಳಿದರೆ ಗುಂಡು ಹಾರಬೇಕು. ಇಳಿಯದಿದ್ದರೆ ಮೂಗಿನ ಮುಂದೆಯೇ ಹಂದಿ ಹೋದರೂ ಸುಮ್ಮನಿರಬೇಕು.

ಬೇಟೆ ಬಿದ್ದರೆ ಮೊದಲ ಪಾಲು ಕಣ್ಣಾಳಿನ ಮನೆಗೆ. ತಪ್ಪು ಬಿದ್ದರೆ ಅದೂ ಅವನ ಮನೆಗೇ. ಗುಂಡು ಹಾರಿಸಿದವನನ್ನು ಯಾರೂ ಕೇಳುತ್ತಿರಲಿಲ್ಲ.

ಕಾಟಯ್ಯನವರು ಹರೆಯದಲ್ಲಿ ಆ ಕೋಲು ಹಿಡಿದವರು. ಕೂದಲು ನರೆತ ಮೇಲೆ ಕೋಲನ್ನು ಶಿಷ್ಯ ಪಾಲಯ್ಯನಿಗೆ ಕೊಟ್ಟು ಹೊಳೆದಂಡೆಗೆ ಬಂದಿದ್ದರು. ಅವರ ಕೋಪ ಊರಿಗೆಲ್ಲ ಗೊತ್ತಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಅವರು ಬರುವುದನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹೋದ ಮೇಲೆ ನಗುತ್ತಿದ್ದರು.

ಆ ವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಂದು ಒಂಟಿ ಹಂದಿ ಹೊಲಕ್ಕೆ ಬಿತ್ತು. ಎಡಗಡೆಯ ಕೋರೆ ಅರ್ಧಕ್ಕೆ ಮುರಿದಿದ್ದ ಹಂದಿ. ಪಾಲಯ್ಯನ ಅಣ್ಣ ಸೂರಯ್ಯ ಕಾವಲಿದ್ದವನು, ದೊಣ್ಣೆ ಹಿಡಿದು ಅದನ್ನು ಹಳ್ಳದವರೆಗೆ ಅಟ್ಟಿಕೊಂಡು ಹೋದ. ಹಳ್ಳದ ಹೊಂಗೆ ಮರದ ಬುಡದಲ್ಲಿ ಅದು ತಿರುಗಿ ನಿಂತಿತು.

ಕೂಗು ಕೇಳಿ ಪಾಲಯ್ಯ ಓಡಿದ. ಅಣ್ಣನ ತೊಡೆ ಸೀಳಿತ್ತು. ಬೆನ್ನ ಮೇಲೆ ಹೊತ್ತುಕೊಂಡು ಊರ ಕಡೆ ಓಡಿದ. ಬಿಸಿ ರಕ್ತ ಅವನ ಬೆನ್ನಿನಿಂದ ಕಾಲಿಗೆ ಇಳಿಯುತ್ತಿತ್ತು. ಊರ ಅಗಸೆ ಬಾಗಿಲಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು.

ಆಮೇಲೆ ಪಾಲಯ್ಯ ಮನೆಯಲ್ಲಿ ಉಣ್ಣಲಿಲ್ಲ. ಗೌಡರ ಕಣದಲ್ಲೇ ಮಲಗಿದ. ಹಂದಿ ಅನ್ನುವ ಮಾತು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

ಗೌಡರ ಹೆಸರು ವಿರುಪನಗೌಡ. ಅವರ ಶೇಂಗಾ ಹೊಲವೂ ಆ ಹಂದಿಯ ಪಾಲಾಗಿತ್ತು. ಅವರು ಪೇಟೆಯ ಅಂಗಡಿಯವನಿಂದ ಎರಡು ದುರ್ಬೀನು ತರಿಸಿದರು. ನೋಡಿ ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸುವ ಮಾತಾಗಿತ್ತು. ಒಂದು ದೊಡ್ಡದು, ಮೊಳದುದ್ದ, ತೂಕದ್ದು. ಇನ್ನೊಂದು ಸಣ್ಣದು, ಅಂಗೈಯಲ್ಲಿ ಹಿಡಿಯುವಂಥದ್ದು.

ಆರಿಸುವವನು ನೀನು, ಕಣ್ಣಾಳು ನೀನು ತಾನೆ, ಅಂದರು ಗೌಡರು.

ಪಾಲಯ್ಯ ಎರಡನ್ನೂ ಕೊರಳಿಗೆ ಹಾಕಿಕೊಂಡು ಹೊಳೆದಂಡೆಗೆ ಬಂದ.

ಕಾಟಯ್ಯನವರು ಒಲೆ ಊದುತ್ತಿದ್ದರು. ತಲೆ ಎತ್ತಿ ನೋಡಿದರು.

"ಏನೋ ಇದು, ಎತ್ತಿಗೆ ಗೆಜ್ಜೆ ಕಟ್ಟಿದ ಹಾಗೆ ಕಟ್ಟಿಕೊಂಡು ಬಂದಿದ್ದೀಯ?"

"ದುರ್ಬೀನು, ಅಜ್ಜಯ್ಯ. ಬೇಟೆಗೆ. ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳೋಕೆ ಬಂದೆ."

"ಎಲ್ಲಿಯ ಬೇಟೆಗೆ?"

"ನಮ್ಮ ಗುಡ್ಡದಲ್ಲೇ."

"ನಮ್ಮ ಗುಡ್ಡದಲ್ಲಿ ಮೇಲೆ ಬರಿ ಬಂಡೆ. ನಡುವೆ ಬೋಳು ಹುಲ್ಲು. ಕೆಳಗೆ ಹಳ್ಳದ ಪೊದೆ. ಆಚೆಗೆ ಹೊಲ. ಇದರಲ್ಲಿ ಯಾವುದು?"

"ಎಲ್ಲವೂ. ಅದು ಎಲ್ಲಾ ಕಡೆ ತಿರುಗುತ್ತೆ."

"ಅದು ಅಂದರೆ?"

ಪಾಲಯ್ಯ ಕೊರಳಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಗುಡ್ಡದ ಕಡೆ ತಿರುಗಿದ.

ಕಾಟಯ್ಯನವರು ಎದ್ದು ಹೊಳೆಯ ಹತ್ತಿರ ನಡೆದರು. ಅವನೂ ಹಿಂದೆ ನಡೆದ. ಅಲ್ಲಿ ಅವರು ಒಂದು ಬೆಣಚುಕಲ್ಲು ಎತ್ತಿಕೊಂಡು, ದೊಡ್ಡದನ್ನು ಕಣ್ಣಿಗೆ ಹಿಡಿ ಅಂದರು. ಹಿಡಿದ. ಅವರು ಕಲ್ಲನ್ನು ಹೊಳೆಯ ಆಚೆ ಮಡುವಿಗೆ ಎಸೆದರು. ಡುಬುಕ್ ಅಂತ ಸದ್ದಾಯಿತು.

"ಎಲ್ಲಿ ಬಿತ್ತು?"

ಪಾಲಯ್ಯ ದುರ್ಬೀನನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಒಂದು ಜೊಂಡು ಆನೆಗಾತ್ರ ಕಾಣಿಸಿತು. ಒಂದು ಕಪ್ಪೆಯ ಕಣ್ಣು ಕಾಣಿಸಿತು. ನೀರು ನಡುಗುತ್ತಿತ್ತೋ ಕೈ ನಡುಗುತ್ತಿತ್ತೋ ತಿಳಿಯಲಿಲ್ಲ. ಕಲ್ಲು ಎಬ್ಬಿಸಿದ ಅಲೆಯ ಬಳೆ ಸಿಕ್ಕುವ ಹೊತ್ತಿಗೆ ಅದು ದಡಕ್ಕೆ ಬಂದು ಅಳಿಸಿ ಹೋಗಿತ್ತು.

"ಸಣ್ಣದನ್ನು ಹಿಡಿ."

ಹಿಡಿದ. ಕಲ್ಲು ಬಿತ್ತು. ಈ ಸಲ ಬಳೆ ತಟ್ಟನೆ ಕಾಣಿಸಿತು. ಮಡುವೆಲ್ಲ ಒಟ್ಟಿಗೇ ಕಾಣಿಸುತ್ತಿತ್ತು.

"ಹಾಗಾದರೆ ಸಣ್ಣದೇ," ಅಂದ ಪಾಲಯ್ಯ.

ಕಾಟಯ್ಯನವರು ಗುಡ್ಡದ ನೆತ್ತಿಯತ್ತ ಬೆರಳು ತೋರಿಸಿದರು. ಅಲ್ಲಿ ಏನೋ ಒಂದು ಕಪ್ಪಗಿತ್ತು. "ಅದು ಮೇಕೆಯೋ, ಕಲ್ಲೋ?"

ಸಣ್ಣದರಲ್ಲಿ ಅವನಿಗೆ ತಿಳಿಯಲಿಲ್ಲ. ದೊಡ್ಡದನ್ನು ಹಿಡಿದ. ಮೇಕೆ. ಅದರ ಗಡ್ಡ ಅಲುಗುವುದೂ ಕಾಣಿಸಿತು.

"ಈಗ ಹೇಳು. ಯಾವುದು?"

ಪಾಲಯ್ಯನ ತಲೆಗೆ ಕೋಪ ಏರಿತು. ಅಣ್ಣ ಮಣ್ಣಿಗೆ ಹೋಗಿದ್ದಾನೆ, ಕೊಂದದ್ದು ಗುಡ್ಡದಲ್ಲಿ ಶೇಂಗಾ ತಿಂದು ಕೊಬ್ಬುತ್ತಿದೆ, ಈ ಮುದುಕ ತನ್ನನ್ನು ಕೂರಿಸಿಕೊಂಡು ನೀರಿಗೆ ಕಲ್ಲು ಹಾಕುತ್ತಿದ್ದಾನೆ ಅನ್ನಿಸಿತು.

"ನಾನು ಆಟಕ್ಕೆ ಬಂದಿಲ್ಲ ಅಜ್ಜಯ್ಯ. ಒಂದು ಮಾತು ಹೇಳಿ. ಇದು ಅಂತ ಹೇಳಿ, ಇಲ್ಲ ಅದು ಅಂತ ಹೇಳಿ."

"ಕೈ ನಡುಗುತ್ತಿದೆ ನಿಂದು. ನಡುಗೋದು ನಿಂತ ಮೇಲೆ ಬಾ."

"ನಿಮಗೆ ಕೋಪವೇ ಬರೋದಿಲ್ಲವಾ? ಊರೆಲ್ಲ ನಿಮ್ಮ ಕೋಪಕ್ಕೆ ಹೆದರುತ್ತೆ. ನನಗೆ ಮಾತ್ರ ಕೋಪ ಮಾಡಬೇಡ ಅಂತೀರಿ."

"ಮಾಡಬೇಡ ಅಂತ ಎಲ್ಲಿ ಹೇಳಿದೆ?" ಕಾಟಯ್ಯನವರ ದನಿಯೂ ಏರಿತು. "ನನ್ನ ಬೆಂಕಿ ಒಲೆಯಲ್ಲಿದೆ. ನಿಂದು ಸೂರಿಗೆ ಹತ್ತಿದೆ. ನೋಡಿಕೋ ಹೋಗು."

ಪಾಲಯ್ಯ ಸಣ್ಣ ದುರ್ಬೀನನ್ನು ಕೊರಳಿನಿಂದ ತೆಗೆದು ಮರಳ ಮೇಲೆ ಇಟ್ಟ. ಇಟ್ಟ ಅನ್ನುವುದಕ್ಕಿಂತ ಒಗೆದ ಅನ್ನಬೇಕು.

"ನನಗೆ ಯಾವುದೋ ಒಂದು ಹಂದಿ ಬೇಡ. ಕೋರೆ ಮುರಿದ ಹಂದಿ ಬೇಕು. ಕೋರೆ ಕಾಣೋದು ದೊಡ್ಡದರಲ್ಲಿ. ಇದೇ ನನಗೆ ಬೇಕಾದ್ದು."

"ಕೋರೆ ಕಾಣುತ್ತೆ. ಇಷ್ಟು ದೂರ ಹೋಗೋ ಕಣ್ಣಿಗೆ ನಿನ್ನ ಮೂಗಿನ ಕೆಳಗಿನ ಮೀಸೆ ಕಾಣುತ್ತಾ?"

ಪಾಲಯ್ಯ ತಿರುಗಿ ನೋಡದೆ ಹೋದ. ಕಾಟಯ್ಯನವರು ಬಗ್ಗಿ ಸಣ್ಣ ದುರ್ಬೀನನ್ನು ಎತ್ತಿಕೊಂಡರು. ಮರಳು ಊದಿ, ಪಂಚೆಯ ಸೆರಗಿನಲ್ಲಿ ಗಾಜು ಒರೆಸಿದರು.

ಇನ್ನೊಂದು ಸಂಗತಿ ಹೇಳಬೇಕು.

ಕಾಡುಮೃಗದಿಂದ ಸತ್ತವರಿಗೆ ಆ ಸೀಮೆಯ ಜನ ಮೊದಲು ರಕ್ತ ಬಿದ್ದ ಜಾಗದಲ್ಲೇ ಎಡೆ ಇಡುತ್ತಿದ್ದರು. ಮುತ್ತುಗದ ಎಲೆಯ ಮೇಲೆ ಮುದ್ದೆ, ಕಾಳು, ಒಂದು ಚೂರು ಬೆಲ್ಲ. ಹೆಂಡತಿ ಎಡೆ ಹೊತ್ತು ನಡೆಯಬೇಕು. ಅವಳ ಮುಂದೆ ಮೈದುನ ನೀರಿನ ತಂಬಿಗೆ ಹಿಡಿದು ದಾರಿಗೆ ಹನಿ ಹಾಕುತ್ತ ಹೋಗಬೇಕು. ಎಡೆ ಇಟ್ಟು, ದೂರ ಸರಿದು, ಮಾತಿಲ್ಲದೆ ಕೂರಬೇಕು. ಕಾಗೆಯೋ ನಾಯಿಯೋ ನರಿಯೋ, ಯಾವುದಾದರೂ ಒಂದು ಜೀವ ಬಂದು ಎಡೆ ಮುಟ್ಟಿದರೆ ಸತ್ತವನ ಹಸಿವು ತೀರಿತು. ಮುಟ್ಟದಿದ್ದರೆ ಮರುದಿನ ಮತ್ತೆ ಇಡಬೇಕು. ಮುಟ್ಟಿದ ಜೀವ ಯಾವುದೇ ಇರಲಿ, ಅದರ ಮೇಲೆ ಆ ಮನೆಯವರು ಆಮೇಲೆ ಕೈ ಎತ್ತುವಂತಿರಲಿಲ್ಲ.

ಸೂರಯ್ಯನ ಹೆಂಡತಿ ಓಬಕ್ಕ ದಿನಾ ಬೆಳಗ್ಗೆ ಎಡೆ ಇಟ್ಟು, ಕಾದು, ಮುಟ್ಟದ ಎಡೆಯನ್ನು ವಾಪಸು ತರುತ್ತಿದ್ದಳು. ಹೊಂಗೆಯ ಬುಡದಲ್ಲಿ ಇರುವೆ ಕೂಡ ಅದನ್ನು ಮುಟ್ಟಿರಲಿಲ್ಲ. ತಂಬಿಗೆ ಹಿಡಿಯಬೇಕಾದವನು ಬಂದಿರಲಿಲ್ಲ. ಅದಕ್ಕೇ ಯಾರೂ ಮುಟ್ಟುತ್ತಿಲ್ಲ ಅಂತ ಕೇರಿಯ ಹೆಂಗಸರು ಆಡಿಕೊಂಡರು. ಒಬ್ಬ ಮುದುಕಿ, ಬೆಳಗ್ಗೆ ಬೇಡ, ದೀಪ ಹಚ್ಚುವ ಹೊತ್ತಿಗೆ ಇಟ್ಟು ನೋಡು ಅಂದಳು.

ಬೇಟೆಗೆ ಗೊತ್ತು ಮಾಡಿದ ದಿನ ಬೆಳಗ್ಗೆ ಓಬಕ್ಕ ಗೌಡರ ಕಣಕ್ಕೆ ಬಂದಳು. ಪಾಲಯ್ಯ ದೊಡ್ಡ ದುರ್ಬೀನಿನ ಗಾಜು ಒರೆಸುತ್ತ ಕೂತಿದ್ದ.

ಇವತ್ತು ಎಡೆ ಸಂಜೆಗೆ ಇಡುತ್ತೇನೆ, ಇವತ್ತಾದರೂ ತಂಬಿಗೆ ಹಿಡಿ ಅಂತ ಅವಳು ಹೇಳಿದಳು.

ಅವನು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಹಂದಿಯ ತಲೆ ತಂದ ಮೇಲೆ ಬರ್ತೀನಿ ಅತ್ತಿಗೆ."

"ನಿಮ್ಮಣ್ಣ ತಲೆ ಕೇಳಿದ್ದಾನಾ? ಅವನು ಕೇಳಿರೋದು ಒಂದು ತುತ್ತು."

"ಈಗ ಹೋಗು."

ಅವಳು ಹೋದಳು. ಅವಳು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಕಿವಿಯಿಂದ ಮುಂದಕ್ಕೆ ಹೋಗಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದರು. ಹಳ್ಳದ ಈಚೆ ದಂಡೆಯ ಪೊದೆಯಲ್ಲಿ ಗೌಡರೂ ಅವರ ಅಳಿಯನೂ ಬಂದೂಕು ಚಾಚಿ ಮಲಗಿದರು. ಅವರ ಗುರಿ ಆಚೆ ದಂಡೆಯ ಹೊಂಗೆ ಮರದ ಬುಡಕ್ಕೆ. ಹಂದಿಯ ಹೆಜ್ಜೆ ದಿನಾ ಅಲ್ಲೇ ಬೀಳುತ್ತಿತ್ತು. ನಡುವೆ ಪೊದೆ ಸೀಳಿದ ಒಂದು ಕಂಡಿ.

ಪಾಲಯ್ಯ ಮೇಲಿನ ಬಂಡೆ ಹತ್ತಿದ. ಅಲ್ಲಿ ಕಾಟಯ್ಯನವರು ಮೊದಲೇ ಬಂದು ಕೂತಿದ್ದರು. ಅವರ ಮಡಿಲಲ್ಲಿ ಸಣ್ಣ ದುರ್ಬೀನು.

"ನೀವ್ಯಾಕೆ ಬಂದಿರಿ?"

"ಬಂಡೆ ನಿಮ್ಮ ತಾತನದೇನು?"

ಗೌಡರಿಗೂ ಅವರು ಕಂಡಿದ್ದರು. ಕೆಳಗಿಂದಲೇ ಆಳಿನ ಬಾಯಲ್ಲಿ ಮೆಲ್ಲಗೆ, ನಿನ್ನ ಗುರು ಹಂದಿಗೂ ಉಪದೇಶ ಕೊಟ್ಟು ಕಳಿಸಿಯಾರು, ಕೋಲು ನಿನ್ನ ಕೈಯಲ್ಲೇ ಇರಲಿ, ಅಂತ ಹೇಳಿ ಕಳಿಸಿದ್ದರು. ಪಾಲಯ್ಯನಿಗೆ ಅದು ಸರಿ ಅನ್ನಿಸಿತು. ಕೋಲನ್ನು ಗುರುವಿನ ಕೈಗೆ ಎಟುಕದ ಮಗ್ಗುಲಿಗೆ ಇಟ್ಟುಕೊಂಡ.

ಹೊತ್ತು ಇಳಿಯಿತು. ಗಾಳಿ ಹೊಲದ ಕಡೆಗೆ ಬೀಸುತ್ತಿತ್ತು. ಪಾಲಯ್ಯ ಮೊಣಕೈಯನ್ನು ಬಂಡೆಗೆ ಊರಿ ದೊಡ್ಡ ದುರ್ಬೀನನ್ನು ಹೊಂಗೆಯ ಬುಡಕ್ಕೆ ಹಿಡಿದ. ಅಲ್ಲಿಂದ ಅಲುಗಿಸಲಿಲ್ಲ. ಬೇರಿನ ಗಂಟು ಕಾಣಿಸಿತು. ಗೊದ್ದ ಇರುವೆಯ ಸಾಲು ಕಾಣಿಸಿತು. ಮಣ್ಣಿನಲ್ಲಿ ಒಂದು ಕಡೆ ಕಪ್ಪು ಕಲೆ ಇತ್ತು. ಅದು ಏನು ಅಂತ ಅವನಿಗೆ ಗೊತ್ತಿತ್ತು.



ಕಣ್ಣು ನೀರಾಡಿತು ಅಂತ ಒಮ್ಮೆ ದುರ್ಬೀನು ಇಳಿಸಿ, ತೋಳಿಗೆ ಮುಖ ಒರೆಸಿ, ತುಸು ಹೊತ್ತು ರೆಪ್ಪೆ ಮುಚ್ಚಿ ಕೂತ. ಕಾಟಯ್ಯನವರು ಆಗ ಏನೂ ಅನ್ನಲಿಲ್ಲ. ಅವರು ಗುಡ್ಡದ ಆ ತುದಿಯಿಂದ ಹುಲ್ಲಿನ ಮೇಲೆ, ಹುಲ್ಲಿನಿಂದ ಹೊಲದ ಬದುವಿನ ಮೇಲೆ, ನೆಲ ಗುಡಿಸುವವರ ಹಾಗೆ ನಿಧಾನವಾಗಿ ಕಣ್ಣು ಆಡಿಸುತ್ತಿದ್ದರು. ಹಳ್ಳದವರೆಗೆ ಇನ್ನೂ ಬಂದಿರಲಿಲ್ಲ.

ಪಾಲಯ್ಯ ಮತ್ತೆ ದುರ್ಬೀನು ಹಿಡಿದಾಗ ಹೊಂಗೆಯ ಬುಡದಲ್ಲಿ ಒಂದು ಮುತ್ತುಗದ ಎಲೆ ಇತ್ತು. ಎಲೆಯ ಮೇಲೆ ಮುದ್ದೆ ಇತ್ತು. ಎಡೆಯ ಎಲೆ ಅಲ್ಲಿ ದಿನಾ ಇರುವುದೇ ತಾನೆ ಅಂದುಕೊಂಡ. ಅದರ ಮೇಲೆ ಮನಸ್ಸು ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಪೊದೆ ಅಲುಗಿತು.

ಮೊದಲು ಮೂತಿ ಬಂತು. ಆಮೇಲೆ ಕತ್ತಿನ ಬಿರುಗೂದಲು. ತಲೆ ತಿರುಗಿತು. ಎಡಗಡೆಯ ಕೋರೆ ಅರ್ಧಕ್ಕೆ ಮುರಿದಿತ್ತು. ಮುರಿದ ತುದಿ ಹಳದಿಗಟ್ಟಿದ್ದೂ ಕಾಣಿಸಿತು. ಅದು ಗಾಳಿಯನ್ನು ಮೂಸಿ, ಎಲೆಯ ಹತ್ತಿರ ಬಂದು, ಮುದ್ದೆಗೆ ಬಾಯಿ ಹಾಕಿತು.

ಪಾಲಯ್ಯನ ಮೈ ಉರಿಯಿತು. ಕೊಂದದ್ದು ಸಾಲದು ಅಂತ ಸತ್ತವನ ಎಡೆಯನ್ನೂ ತಿನ್ನುತ್ತಿದೆ. ಅವನು ಒಂದು ಕೈಯಲ್ಲಿ ದುರ್ಬೀನು ಹಿಡಿದೇ ಇನ್ನೊಂದು ಕೈಯಲ್ಲಿ ಕೋಲು ಎತ್ತಿದ. ಬಿಳಿ ಬಟ್ಟೆ ಬಂಡೆಯ ಮೇಲೆ ಎದ್ದಿತು. ಕೆಳಗೆ ಎರಡು ಬಂದೂಕುಗಳ ಕುದುರೆಯನ್ನು ಹಿಂದಕ್ಕೆಳೆದು ಅಣಿಮಾಡಿದ ಸದ್ದು ಸಣ್ಣಗೆ ಕೇಳಿಸಿತು.

ಇನ್ನು ಇಳಿಸುವುದೊಂದೇ ಬಾಕಿ.

ಅವನ ಮಣಿಕಟ್ಟನ್ನು ಯಾರೋ ಹಿಡಿದರು. ಕಾಟಯ್ಯನವರು. ಅವರ ಕಣ್ಣು ಆಗಷ್ಟೇ ಹಳ್ಳಕ್ಕೆ ಬಂದಿತ್ತು. ಮುದುಕರ ಹಿಡಿತ ಇಕ್ಕಳದ ಹಾಗಿತ್ತು.

"ಬಿಡಿ ಅಜ್ಜಯ್ಯ." ಪಾಲಯ್ಯ ಹಲ್ಲು ಕಚ್ಚಿಕೊಂಡೇ ಹೇಳಿದ. ಕಣ್ಣು ಗಾಜಿನಿಂದ ಸರಿಯಲಿಲ್ಲ. "ಅದೇ. ಕೋರೆ ಮುರಿದಿದೆ. ನೋಡ್ತಿದ್ದೀನಿ ನಾನು."

"ಏನು ಮಾಡ್ತಿದೆ?"

"ಅಣ್ಣನ ಎಡೆ ತಿಂತಿದೆ. ಬಿಡಿ ಕೈ."

"ಎಡೆ ಇಟ್ಟವರು ಯಾರು?"

ಪಾಲಯ್ಯನ ಕೈ ನಿಂತಿತು.

ಬೆಳಗ್ಗೆ ಕಿವಿಯಲ್ಲೇ ಉಳಿದಿದ್ದ ಮಾತು ಈಗ ಒಳಕ್ಕೆ ಇಳಿಯಿತು. ದುರ್ಬೀನನ್ನು ಆ ಕಡೆ ಈ ಕಡೆ ಓಡಿಸಿದ. ಎಲೆಗಳು ಓಡಿದವು, ಕೊಂಬೆ ಓಡಿತು, ಕಲ್ಲು ಓಡಿತು. ಏನೂ ನಿಲ್ಲಲಿಲ್ಲ. ಬೆಳಕು ಕಡಿಮೆಯಾಗಿ ದೊಡ್ಡ ಗಾಜಿನಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿತ್ತು.

ಕಾಟಯ್ಯನವರು ಅವನ ಕೈ ಬಿಡದೆ, ಇನ್ನೊಂದು ಕೈಯಿಂದ ಸಣ್ಣ ದುರ್ಬೀನನ್ನು ಅವನ ಕಣ್ಣಿಗೆ ಒತ್ತಿದರು. ಮೂಗಿನ ಮೇಲೆ ಅದು ತಾಗಿ ನೋವಾಯಿತು.

ಹಳ್ಳ ಪೂರ್ತಿ ಕಾಣಿಸಿತು. ಈಚೆ ದಂಡೆಯ ಪೊದೆ, ಪೊದೆಯಿಂದ ಚಾಚಿದ ಎರಡು ನಳಿಗೆ. ಆಚೆ ದಂಡೆಯ ಹೊಂಗೆ, ಅದರ ಬುಡದಲ್ಲಿ ಕಪ್ಪಗೆ ಹಂದಿ. ಕೋರೆ ಗೀರೆ ಏನೂ ತಿಳಿಯದಷ್ಟು ಸಣ್ಣದು. ಹಂದಿಯ ಬೆನ್ನ ಹಿಂದೆ, ಕಲ್ಲೆಸೆತದಷ್ಟು ದೂರದಲ್ಲಿ, ಹಂದಿಗೆ ವಾಸನೆ ಹೋಗದ ಗಾಳಿಯ ಮಗ್ಗುಲಿಗೆ ಒಂದು ಬಂಡೆ. ಬಂಡೆಗೆ ಒರಗಿ ಕೂತ ಒಂದು ಸೀರೆ. ಸೀರೆಯ ಮಗ್ಗುಲಲ್ಲಿ ಹಿತ್ತಾಳೆ ತಂಬಿಗೆಯ ಒಂದು ಚುಕ್ಕೆ ಬೆಳಕು.

ನಳಿಗೆ, ಹಂದಿ, ಓಬಕ್ಕ. ಮೂರೂ ಒಂದೇ ಗೆರೆಯಲ್ಲಿದ್ದವು.

ಅವಳು ಅಲುಗುತ್ತಿರಲಿಲ್ಲ. ಹಂದಿಯನ್ನೇ ನೋಡುತ್ತಿದ್ದಳು.

ಪಾಲಯ್ಯನ ಕೋಲು ಹಿಡಿದ ತೋಳು ನಡುಗತೊಡಗಿತು. ಇಳಿಸಿದರೆ ಗುಂಡು ಹಾರುತ್ತದೆ. ಕೂಗಿದರೆ ಹಂದಿ ಬೆದರಿ ಅವಳ ಮೇಲೆ ನುಗ್ಗುತ್ತದೆ. ಎತ್ತಿಯೇ ಹಿಡಿದಿರಬೇಕು. ಎತ್ತಿದ ಬಟ್ಟೆಯನ್ನು ಇಳಿಸದೆ ವಾಪಸು ತೆಗೆಯುವ ರೀತಿ ಕಣ್ಣಾಳುಗಳಿಗೆ ಯಾರೂ ಕಲಿಸಿರಲಿಲ್ಲ. ಅವರ ಬೇಟೆಯಲ್ಲಿ ಎದ್ದ ಬಟ್ಟೆ ಇಳಿದೇ ಇಳಿಯುತ್ತಿತ್ತು.

"ಹಿಡಿ," ಅಂದರು ಕಾಟಯ್ಯನವರು. ಅವರ ದನಿಯಲ್ಲಿ ಇದ್ದದ್ದು ಶುದ್ಧ ಸಿಟ್ಟು. "ಬಿದ್ದರೆ ನಿನ್ನನ್ನು ಇಲ್ಲಿಂದ ಕೆಳಕ್ಕೆ ನಾನೇ ತಳ್ಳುತ್ತೀನಿ. ಹಿಡಿ."

ಅವನು ಹಿಡಿದ. ತೋಳು ಸೋತಾಗ ಮುದುಕರು ಅವನ ಮೊಣಕೈ ಕೆಳಗೆ ತಮ್ಮ ಹೆಗಲು ಕೊಟ್ಟರು.

ಹಂದಿ ಅವಸರ ಮಾಡಲಿಲ್ಲ. ಮುದ್ದೆ ತಿಂದಿತು. ಕಾಳು ತಿಂದಿತು. ಬೆಲ್ಲ ಹುಡುಕಿ ಎಲೆಯನ್ನು ಮಗುಚಿ ಹಾಕಿತು. ಆಮೇಲೆ ಬಾಲ ಒದರಿ, ಬಂದ ದಾರಿಯಲ್ಲೇ ಪೊದೆಯೊಳಗೆ ಹೋಯಿತು.

ಬಟ್ಟೆ ಇನ್ನೂ ಮೇಲೆಯೇ ಇತ್ತು.

ಕಾಟಯ್ಯನವರು ಬಂಡೆಯ ಅಂಚಿಗೆ ಹೋಗಿ, ಬಂದೂಕು ಕೆಳಗಿಡಿ ಅಂತ ಕೂಗಿದರು. ಆ ಕೂಗು ಗುಡ್ಡಕ್ಕೆ ತಾಗಿ ತಿರುಗಿ ಬಂತು. ಆಮೇಲೆಯೇ ಪಾಲಯ್ಯ ಕೋಲು ಇಳಿಸಿದ್ದು.

ಇಬ್ಬರೂ ಬಂಡೆಯಿಂದ ಇಳಿದರು. ಗೌಡರು ಪೊದೆಯಿಂದ ಎದ್ದು ಬಂಡೆಯ ಬುಡಕ್ಕೆ ಬಂದಾಗ ಅವರ ಮುಖ ಕೆಂಪಾಗಿತ್ತು. ಮೈಗೆಲ್ಲ ಮುಳ್ಳು ಮೆತ್ತಿತ್ತು.

ಕಂಡಿಯಲ್ಲಿ ಅಷ್ಟು ಹೊತ್ತು ನಿಂತು ಉಂಡು ಹೋದ ಹಂದಿಯನ್ನು ಬಿಟ್ಟೆಯಲ್ಲೋ, ಕೋಲನ್ನು ಎತ್ತಿ ಹಿಡಿದು ದೇವರ ಉತ್ಸವ ಮಾಡುತ್ತಿದ್ದೆಯಾ, ಅಂತ ಶುರುಮಾಡಿದರು. ನಿನ್ನ ಕೈಗೆ ದುರ್ಬೀನು ಕೊಡುವ ಬದಲು ಕುರುಡನ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತು ಅಂದರು. ಪಾಲಯ್ಯನ ಕೈಯಿಂದ ಕೋಲು ಕಿತ್ತುಕೊಂಡರು.

ಗೌಡರು ಇನ್ನೂ ಬೈಯುತ್ತಲೇ ಇದ್ದರು. ಹಳ್ಳದ ಕಡೆಯಿಂದ ಹೆಜ್ಜೆ ಸದ್ದಾಯಿತು.

ಓಬಕ್ಕ ಹತ್ತಿ ಬಂದಳು. ಒಂದು ಕೈಯಲ್ಲಿ ತಂಬಿಗೆ. ಇನ್ನೊಂದು ಕೈಯಲ್ಲಿ ಖಾಲಿ ಎಲೆ.

ಗೌಡರು ಅವಳನ್ನು ನೋಡಿದರು. ಅವಳು ಬಂದ ದಿಕ್ಕನ್ನು ನೋಡಿದರು. ತಮ್ಮ ಕೈಯ ಬಂದೂಕನ್ನು ನೋಡಿದರು. ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಓಬಕ್ಕನ ಕಣ್ಣಿಗೆ ಗೌಡರು ಬಿದ್ದಂತಿರಲಿಲ್ಲ. ಅವಳು ಪಾಲಯ್ಯನ ಮುಂದೆ ನಿಂತಳು.

"ಎಡೆ ಮುಟ್ಟಿತು."

ಅವನು ತಲೆ ತಗ್ಗಿಸಿದ.

"ಯಾರು ಮುಟ್ಟಿದರು ಅಂತ ನಾನೂ ನೋಡಿದೆ. ನೀನೂ ನೋಡಿದೆ. ಕಲ್ಲು ತಗೊಂಡು ತಲೆ ಜಜ್ಜಿಬಿಡಲಾ ಅನ್ನಿಸ್ತು ನನಗೆ. ಕೈಯಲ್ಲಿ ಕಲ್ಲು ಹಿಡಿದುಕೊಂಡೇ ಕೂತಿದ್ದೆ." ಅವಳು ಎಲೆಯನ್ನು ಅವನ ಎದೆಗೆ ಚಾಚಿದಳು. "ಅದು ತಿನ್ನೋವರೆಗೂ ಕಾದೆ. ನಿಮ್ಮಣ್ಣನ ಹಸಿವು ದೊಡ್ಡದಾ, ನನ್ನ ಸಿಟ್ಟು ದೊಡ್ಡದಾ? ಇನ್ನು ಆ ಹಂದಿಯ ಮೇಲೆ ನಮ್ಮ ಮನೆಯವರು ಕೈ ಎತ್ತೋ ಹಾಗಿಲ್ಲ. ನೀನೂ ಅಷ್ಟೇ."

"ಅತ್ತಿಗೆ, ನಾನು..."

"ತಂಬಿಗೆ ನಾನೇ ಹೊತ್ತುಕೊಂಡು ಹೋದೆ. ದಾರಿಗೆ ನೀರೂ ನಾನೇ ಹಾಕಿಕೊಂಡೆ."

ಪಾಲಯ್ಯ ಏನೋ ಹೇಳಲು ಹೋದ. ಕಾಟಯ್ಯನವರು ಹಿಂದಿನಿಂದ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

"ಮಾತಾಡಬೇಡ. ತಂಬಿಗೆ ಹಿಡಿ."

ಅವನು ದೊಡ್ಡ ದುರ್ಬೀನನ್ನು ಕೊರಳಿನಿಂದ ತೆಗೆದು ಗೌಡರ ಮುಂದೆ ಇಟ್ಟ. ಅತ್ತಿಗೆಯ ಕೈಯಿಂದ ತಂಬಿಗೆ ತೆಗೆದುಕೊಂಡ. ತಳದಲ್ಲಿ ಸ್ವಲ್ಪ ನೀರು ಉಳಿದಿತ್ತು. ಅದನ್ನು ಹನಿ ಹನಿಯಾಗಿ ಹಾಕುತ್ತ ಊರಿನ ದಾರಿ ಹಿಡಿದ. ಓಬಕ್ಕ ಅವನ ಹಿಂದೆ ನಡೆದಳು.

ಹುಣ್ಣಿಮೆ ಕಳೆದ ಮೇಲೆ ಪಾಲಯ್ಯ ಹೊಳೆದಂಡೆಗೆ ಬಂದ. ಈಗ ಅವನ ಕೊರಳಲ್ಲಿ ಏನೂ ಇರಲಿಲ್ಲ. ಕಾಟಯ್ಯನವರು ಒಲೆ ಊದುತ್ತಿದ್ದರು. ಅವನು ಅವರ ಕೈಯಿಂದ ಊದುಗೊಳವೆ ತೆಗೆದುಕೊಂಡು ತಾನೇ ಊದಿದ.



"ಗೌಡರು ಕೋಲು ವಾಪಸು ಕೊಡ್ತೀನಿ ಅಂತಾರೆ," ಅಂದ.

"ಹೂಂ."

"ಯಾವ ದುರ್ಬೀನು ಇಟ್ಟುಕೊಳ್ತೀಯ ಅಂತ ಇನ್ನೂ ಕೇಳ್ತಿದ್ದಾರೆ. ಅಂಗಡಿಯವನು ದಿನಾ ಆಳು ಕಳಿಸ್ತಾನಂತೆ."

"ಹೂಂ."

"ಅವತ್ತು ಇಲ್ಲೇ ಒಂದು ಮಾತು ಹೇಳಿಬಿಟ್ಟಿದ್ದರೆ ಏನಾಗ್ತಿತ್ತು ಅಜ್ಜಯ್ಯ? ಸಣ್ಣದು ತಗೋ ಅಂದಿದ್ದರೆ? ಅತ್ತಿಗೆಯ ಜೀವದ ಮೇಲೆ ಬಟ್ಟೆ ಎತ್ತೋ ತನಕ ಯಾಕೆ ಬಿಟ್ಟಿರಿ?"

ಕಾಟಯ್ಯನವರು ಅವನ ಕಡೆ ತಿರುಗಿದರು. ಅವರ ಕಣ್ಣು ಕೆಂಪಾಗಿತ್ತು, ಹೊಗೆಯಿಂದಲೋ ಏನೋ.

"ಅವಳು ಅಲ್ಲಿದ್ದಾಳೆ ಅಂತ ನನಗೆ ಮೊದಲೇ ಗೊತ್ತಿತ್ತು ಅಂದುಕೊಂಡೆಯಾ? ಗೊತ್ತಿದ್ದರೆ ಬಂಡೆ ಹತ್ತುತ್ತಿದ್ದೆನಾ, ಹಳ್ಳಕ್ಕೆ ಓಡುತ್ತಿದ್ದೆನಾ? ಬೆಳಗ್ಗೆ ಅವಳು ಬಂದು ಹೇಳಿದ್ದು ನನಗಲ್ಲ."

ಪಾಲಯ್ಯ ಒಲೆಯ ಕಟ್ಟಿಗೆಯನ್ನು ಸ್ವಲ್ಪ ಹಿಂದಕ್ಕೆ ಎಳೆದ.

"ಸಣ್ಣದರಲ್ಲಿ ಕೋರೆ ಕಂಡಿತಾ?" ಕೇಳಿದರು ಕಾಟಯ್ಯನವರು.

"ಇಲ್ಲ."

"ದೊಡ್ಡದರಲ್ಲಿ ಅವಳು ಕಂಡಳಾ?"

"ಇಲ್ಲ."

"ಈಗ ಯಾವುದು ಬೇಕು ಹೇಳು."

ಪಾಲಯ್ಯ ಹೊಳೆಯತ್ತ ನೋಡಿದ. ಯಾರೋ ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದರು. ಅಲೆಯ ಬಳೆಗಳು ಒಂದರ ಮೇಲೊಂದು ಈಚೆ ದಡಕ್ಕೆ ಬರುತ್ತಿದ್ದವು.

"ಸಣ್ಣದು. ಕೋರೆ ಕಾಣದಿದ್ದರೆ ಒಂದು ಹಂದಿ ಉಳಿಯುತ್ತೆ. ಅಷ್ಟೇ ತಾನೆ."

ಕಾಟಯ್ಯನವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಗೋಡೆಯ ಗೂಡಿನಿಂದ ಸಣ್ಣ ದುರ್ಬೀನನ್ನು ತಂದು ಅವನ ಮಡಿಲಿಗೆ ಹಾಕಿದರು.

"ಕೋಪ ಹೋಗಿಲ್ಲ ಅಜ್ಜಯ್ಯ," ಅಂದ ಪಾಲಯ್ಯ. "ನಿನ್ನೆ ಕೂಡ ಅದರ ಹೆಜ್ಜೆ ಕಂಡೆ. ಹೊಟ್ಟೆಯೊಳಗೆ ಕೆಂಡ ಹಾಕಿದ ಹಾಗಾಯಿತು. ಅದನ್ನು ಹೊಡೆಯೋ ಹಾಗೂ ಇಲ್ಲ. ಎಲ್ಲಿ ಇಟ್ಟುಕೊಳ್ಳಲಿ ಇದನ್ನು?"

"ಅತ್ತಿಗೆ ಎಲ್ಲಿ ಇಟ್ಟುಕೊಂಡಿದ್ದಾಳೆ?"

ಪಾಲಯ್ಯ ಎದ್ದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಹೊರಟ. ಹೊಳೆಯ ಕಲ್ಲುಗಳನ್ನು ದಾಟುವಾಗ ಹಿಂದಿನಿಂದ ಕೂಗು ಬಂತು.

"ಲೇ ಪಾಲ."

ಅವನು ತಿರುಗಿ ನಿಂತ.

"ನಾಳೆ ಇನ್ನೊಬ್ಬ ಬಂದು, ಯಾವ ದುರ್ಬೀನು ಕೊಳ್ಳಲಿ ಅಂತ ನಿನ್ನನ್ನು ಕೇಳುತ್ತಾನೆ. ಇದು ಅನ್ನಬೇಡ, ಅದು ಅನ್ನಬೇಡ. ನಿನ್ನ ಅತ್ತಿಗೆ ಎಲ್ಲಿ ಕೂತಿದ್ದಳು ಅನ್ನೋದನ್ನ ಹೇಳು. ಅವನಿಗೂ ಮುಂದಿನವನಿಗೆ ಹೇಳು ಅಂತ ಹೇಳು."